ಅಟ್ಟದ ಮೇಲಿನ ಓಲೆ

ಗುಂಡ್ಲುಪೇಟೆಯ ನಮ್ಮಜ್ಜನ ಮನೆಯ ಅಟ್ಟದಲ್ಲಿ ಓಲೆಗರಿಯ ಒಂದು ಕಟ್ಟು ಇತ್ತು. ನವರಾತ್ರಿಯ ಸರಸ್ವತಿ ಪೂಜೆಗೆ ಕೆಳಗಿಳಿಯುತ್ತಿತ್ತು, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಅಟ್ಟ ಸೇರುತ್ತಿತ್ತು. ಅದನ್ನು ಬಿಚ್ಚಿ ಓದಿದವರನ್ನು ನಾನು ಕಾಣೆ. ಒಂದು ವರ್ಷ ಇಳಿಸಿ ನೋಡಿದರೆ ಎರಡು ಹಲಗೆಗಳ ನಡುವೆ ಹುಳು ತಿಂದುಳಿದ ಪುಡಿ ಮಾತ್ರ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮೆಟ್ಟಿಲು ಹತ್ತುವಾಗ ಆ ಪುಡಿಯೇ ಕಣ್ಣ ಮುಂದಿತ್ತು.

ಅಲ್ಲಿಗೆ ಹೋಗಲು ಚಾಮರಾಜನಗರದವರಿಗೆ ರೈಲಿದೆ, ಗುಂಡ್ಲುಪೇಟೆಯವರಿಗೆ ಬಸ್ಸು. ಎರಡೂ ದಾರಿ ನಂಜನಗೂಡಿನ ಮೇಲೆಯೇ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ 1887ರ ನೆನಪಿಗೆ ಎದ್ದ ಕಟ್ಟಡ ಅದು. 1891ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಇಲ್ಲಿನ ಕೆಲಸ ಶುರುವಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂತು.

ಇಲ್ಲಿ ಪುಸ್ತಕವೆಂದರೆ ಮೊದಲು ಓಲೆಯೇ. ಎಳೆಯ ತಾಳೆಗರಿಯನ್ನು ಅಳತೆಗೆ ಕತ್ತರಿಸಿ, ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡುತ್ತಿದ್ದರು. ಬರೆಯುವುದೆಂದರೆ ಕಬ್ಬಿಣದ ಕಂಟದಿಂದ ಕೊರೆಯುವುದು. ಕೊರೆದದ್ದು ಆಗ ಸರಿಯಾಗಿ ಕಾಣುವುದಿಲ್ಲ. ಮಸಿ ಸವರಿ ಒರೆಸಿದ ಮೇಲೆ ಗೀರಿನೊಳಗಷ್ಟೇ ಕಪ್ಪು ನಿಂತು ಅಕ್ಷರ ಏಳುತ್ತದೆ. ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳೀತು. ನಮ್ಮ ಅಕ್ಷರಗಳು ದುಂಡಗಾಗಲು ಇದೂ ಒಂದು ಕಾರಣ ಎನ್ನುತ್ತಾರೆ. ಗರಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಸುತ್ತಿದರೆ ಕಟ್ಟು ಮುಗಿಯಿತು. ಕಾಪಾಡುವ ಉಪಾಯವೂ ಸರಳ. ಮಜ್ಜಿಗೆಹುಲ್ಲಿನ ಎಣ್ಣೆಯಿಂದ ಒಂದೊಂದೇ ಗರಿಯನ್ನು ಒರೆಸುತ್ತಾರೆ. ಹುಳು ಹತ್ತಿರ ಸುಳಿಯುವುದಿಲ್ಲ, ಒಣಗಿದ ಗರಿ ಮತ್ತೆ ಬಾಗುತ್ತದೆ.

ಈ ಸಂಶೋಧನಾಲಯಕ್ಕೆ ಹೆಸರು ತಂದದ್ದು ಅಂಥದೇ ಒಂದು ಕಟ್ಟು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಗಳನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರು. ಹೆಸರು ಉಳಿದು ಗ್ರಂಥ ಕಾಣೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದರಲ್ಲಿತ್ತು. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಹೊರಬಂತು. ಕೊಟ್ಟವರೊಬ್ಬರು, ಓದಿದವರೊಬ್ಬರು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಅದು ಪೂಜೆಯ ಗಂಟಾಗಿಯೇ ಉಳಿಯುತ್ತಿತ್ತೇನೋ.

ಚಿತ್ರಕಲೆಯೂ ಪುಸ್ತಕದೊಳಗೆ ಹೇಗೆ ಬಾಳಿತೆಂಬುದಕ್ಕೆ ಇಲ್ಲಿರುವ ಶ್ರೀತತ್ತ್ವನಿಧಿ ಸಾಕ್ಷಿ. ಒಂಬತ್ತು ನಿಧಿಗಳಾಗಿ ಹಂಚಿದ ಗ್ರಂಥ ಅದು. ದೇವತೆಗಳ ಬಣ್ಣ, ಕೈಗಳು, ಆಯುಧಗಳನ್ನು ಮಾತಿನಲ್ಲೂ ಚಿತ್ರದಲ್ಲೂ ಒಟ್ಟಿಗೆ ಹೇಳುತ್ತದೆ. ಇದನ್ನು ಸಿದ್ಧಪಡಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅರಿಕುಠಾರವೆಂಬ ಊರಿಗೆ 1818ರಲ್ಲಿ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದ ದೊರೆ ಇವರೇ.

ನಮ್ಮ ಚಾಮರಾಜನಗರ ಜಿಲ್ಲೆಯೂ ಪುಸ್ತಕಕ್ಕೆ ಹೊಸದಲ್ಲ. ಯಳಂದೂರು ಕವಯಿತ್ರಿ ಸಂಚಿ ಹೊನ್ನಮ್ಮನ ಊರು. ಮಲೆಯೂರಿನ ಕನಕಗಿರಿ ಬೆಟ್ಟದ ಬಂಡೆಗಳಲ್ಲೇ ಜೈನ ಶಾಸನಗಳಿವೆ. ಅದೇ ಕನಕಗಿರಿಯ ದೇವಚಂದ್ರ, 1804ರಲ್ಲಿ ಸರ್ವೆಗೆಂದು ಬಂದ ಕಾಲಿನ್ ಮೆಕೆಂಜಿಗೆ ಈ ಸೀಮೆಯ ಹಳೆಯ ಕಥೆಗಳನ್ನು ಹೇಳಿದವರು. ಮುಂದೆ ರಾಜಾವಳಿ ಕಥೆ ಬರೆದು, ಜೈನ ಪರಂಪರೆಯ ಜೊತೆಗೆ ರಾಜವಂಶಗಳ, ಕವಿಗಳ ಸಂಗತಿಗಳನ್ನೂ ಉಳಿಸಿಕೊಟ್ಟರು. ಇಂಥವರ ನಾಡಿನಲ್ಲಿ ಅಟ್ಟಗಳೆಲ್ಲ ಬರಿದಾಗಿವೆ ಎಂದು ನಾನು ನಂಬಲಾರೆ.

ಹಿಂದಿರುಗುವಾಗ ನಂಜನಗೂಡಿನಲ್ಲಿ ಬಸ್ಸು ಕಪಿಲೆಯನ್ನು ದಾಟಿತು. ಓದಲು ಬಾರದ ಓಲೆಯನ್ನು ಹೊಳೆಗೆ ಬಿಡುವುದು ಪುಣ್ಯವೆಂದು ನಂಬಿದ ಮನೆಗಳು ಎಷ್ಟೋ. ನಿಮ್ಮ ಮನೆಯಲ್ಲಿ ಓಲೆಯಿದ್ದರೆ, ಕಡತವಿದ್ದರೆ, ದಯವಿಟ್ಟು ಹೊಳೆಗೆ ಬಿಡಬೇಡಿ. ಅರಿಸಿನ ಕುಂಕುಮ ಹಚ್ಚಬೇಡಿ, ದಾರ ಜಗ್ಗಿ ಬಿಚ್ಚಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಬಲ್ಲವರಿಗೆ ತೋರಿಸಿ. ಮೈಸೂರಿನ ಈ ಸಂಶೋಧನಾಲಯವಿದೆ, ಕನ್ನಡ ಹಸ್ತಪ್ರತಿಗಳಿಗೆ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಿದೆ. ನಮ್ಮಜ್ಜನ ಮನೆಯ ಕಟ್ಟಿನಲ್ಲಿ ಏನು ಬರೆದಿತ್ತೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ. ನಿಮ್ಮ ಮನೆಯದನ್ನಾದರೂ ಈ ನವರಾತ್ರಿಗೆ ಮೊದಲು ಕೆಳಗಿಳಿಸಿ.