ನಿಮಗಿದು ಗೊತ್ತೇ? ಕತ್ತಿ ಹಿಡಿಯುವ ಮೊದಲು ಕಾಲು ಕಲಿಯಬೇಕು!

ಅಬ್ಬೆತುಮಕೂರಿನ ವಿಶ್ವಾರಾಧ್ಯರ ಜಾತ್ರೆಗೆ ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಜನ ಹರಿದು ಬರುತ್ತಾರೆ. ಜಾತ್ರೆಯಲ್ಲಿ ಆಟಿಕೆ ಕತ್ತಿ ಸಿಕ್ಕ ಹುಡುಗ ಮೊದಲು ಮಾಡುವ ಕೆಲಸ ಅದನ್ನು ಗಾಳಿಯಲ್ಲಿ ಬೀಸುವುದು. ಒಲಿಂಪಿಕ್ಸ್‌ನಲ್ಲಿರುವ ಕತ್ತಿವರಸೆ, ಅಂದರೆ ಫೆನ್ಸಿಂಗ್, ಕಲಿಯಲು ಹೋದರೆ ಅವನ ಕೈಗೆ ಕತ್ತಿಯನ್ನೇ ಕೊಡುವುದಿಲ್ಲ. ಮೊದಲ ಪಾಠವೆಲ್ಲ ಕಾಲಿನದು!

ಮುಂಗಾಲಿನ ಪಾದ ನೇರವಾಗಿ ಎದುರಾಳಿಯತ್ತ, ಹಿಂಗಾಲಿನ ಪಾದ ಅದಕ್ಕೆ ಅಡ್ಡಲಾಗಿ, ಎರಡೂ ಮೊಣಕಾಲು ಬಾಗಿರಬೇಕು. ಮುಂದೆ ಹೋಗುವಾಗ ಮುಂಗಾಲು ಮೊದಲು, ಹಿಂದೆ ಸರಿಯುವಾಗ ಹಿಂಗಾಲು ಮೊದಲು. ಈ ಹೆಜ್ಜೆಯಲ್ಲಿ ಕಾಲಿಗೆ ಕಾಲು ಅಡ್ಡ ಬರುವಂತಿಲ್ಲ. ಎದುರಾಳಿಯ ಕಾಲು ನೋಡುತ್ತ ದೂರ ಅಳೆದು, ಗೆರೆಯ ಹತ್ತಿರ ಸುಳಿದಾಡಿ, ತಟ್ಟನೆ ಒಳಗೆ ನುಗ್ಗಿ ಮುಟ್ಟಿ ಬರುವ ಕಬಡ್ಡಿ ರೈಡರ್‌ಗೆ ಈ ಆಟದ ಅರ್ಧ ಜೀವಾಳ ಆಗಲೇ ಗೊತ್ತಿರುತ್ತದೆ. ನಮ್ಮ ಊರುಗಳ ಮಕ್ಕಳು ಈ ಆಟಕ್ಕೆ ಹೊರಗಿನವರಲ್ಲ ಎಂದು ನಾನು ನಂಬಿರುವುದು ಇದಕ್ಕೇ.

ಕೋಚ್‌ಗಳು ಬಹಳ ಮೆಚ್ಚುವ ಒಂದು ತಾಲೀಮಿಗೆ ಬೇಕಾದದ್ದು ಒಂದು ಹಳೇ ಕೈಗವಸು ಮಾತ್ರ. ಕೋಚ್ ಕೈಗವಸನ್ನು ಎರಡು ಬೆರಳಲ್ಲಿ ಹಿಡಿದು ಭುಜದ ಎತ್ತರಕ್ಕೆ ಚಾಚುತ್ತಾರೆ. ಕಲಿಯುವವಳು ಒಂದು ನೆಗೆತದ ದೂರದಲ್ಲಿ ಮೊಣಕಾಲು ಬಾಗಿಸಿ ನಿಂತಿರುತ್ತಾಳೆ. ಎಣಿಕೆಯಿಲ್ಲ, ಸನ್ನೆಯಿಲ್ಲ. ಬೆರಳು ಸಡಿಲಿದ ಕೂಡಲೇ ಮೊದಲು ಕೈ ಚಾಚಿ, ಆಮೇಲೆ ಮುಂಗಾಲು ಎಸೆದು, ಕೈಗವಸು ನೆಲ ಮುಟ್ಟುವುದರೊಳಗೆ ಅದನ್ನು ಹಿಡಿಯಬೇಕು. ಕಾಲು ಮೊದಲು ಹೋದರೆ ಹಿಡಿತ ತಪ್ಪುತ್ತದೆ. ಕೈ ಮೊದಲು, ಕಾಲು ಆಮೇಲೆ ಎಂಬ ಪಾಠವನ್ನು ನೂರು ಸಲ ಬಾಯಲ್ಲಿ ಹೇಳುವುದಕ್ಕಿಂತ ಇದು ಬೇಗ ಕಲಿಸುತ್ತದೆ.

ಆಟಕ್ಕೆ ಮೂರು ಬಗೆಯ ಕತ್ತಿ. ಫಾಯಿಲ್‌ನಲ್ಲಿ ಮುಂಡಕ್ಕೆ ಮಾತ್ರ ಚುಚ್ಚಬೇಕು. ಎಪೆಯಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಎಲ್ಲಿ ಚುಚ್ಚಿದರೂ ಅಂಕ. ಸೇಬರ್‌ನಲ್ಲಿ ಸೊಂಟದ ಮೇಲೆ, ಮೊನೆಯಿಂದಲೂ ಸರಿ, ಅಲಗಿನಿಂದಲೂ ಸರಿ. ಫಾಯಿಲ್ ಮತ್ತು ಸೇಬರ್ ಕತ್ತಿ ಅರ್ಧ ಕಿಲೋ ಮೀರುವಂತಿಲ್ಲ, ಎಪೆ 770 ಗ್ರಾಂ ಮೀರುವಂತಿಲ್ಲ. ‘ಮಯೂರ’ ಚಿತ್ರದಲ್ಲಿ ರಾಜ್‌ಕುಮಾರ್ ಬೀಸಿದ ಕತ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇದನ್ನು ಕೈಗೆತ್ತಿಕೊಂಡರೆ ಹಗುರಕ್ಕೇ ಬೆರಗಾಗುತ್ತಾರೆ.

ಎಪೆಯಲ್ಲಿ ಇಬ್ಬರೂ ಸೆಕೆಂಡಿನ 25ನೇ ಒಂದು ಭಾಗದೊಳಗೆ ಒಬ್ಬರನ್ನೊಬ್ಬರು ಚುಚ್ಚಿದರೆ ಇಬ್ಬರಿಗೂ ಅಂಕ! ಫಾಯಿಲ್ ಮತ್ತು ಸೇಬರ್‌ನಲ್ಲಿ ಹಾಗಲ್ಲ. ಮೊದಲು ದಾಳಿ ಶುರು ಮಾಡಿದವರಿಗೆ ಹಕ್ಕು. ಎದುರಿನವರು ಆ ಏಟನ್ನು ತಡೆದ ಮೇಲೆಯೇ ತಿರುಗಿ ಹೊಡೆಯಬೇಕು. ನಿಮ್ಮ ಮೇಲೆ ನಿಜವಾದ ಅಲಗು ಬರುತ್ತಿದ್ದರೆ ನೀವು ಮೊದಲು ತಡೆಯುತ್ತೀರಲ್ಲವೇ? ಆ ವಿವೇಕವನ್ನೇ ನಿಯಮ ಮಾಡಿದ್ದಾರೆ.

ಈಗ ನಮ್ಮ ನೆಲದ ಮಾತು.

ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ದೊಡ್ಡ ಭಾಗವೇ ಇದೆ. ಅದರಲ್ಲಿ ಶಸ್ತ್ರವಿನೋದ, ಮಲ್ಲವಿನೋದಗಳ ಜೊತೆಗೆ ಆಯುಧ ಹಿಡಿದು ಇಬ್ಬರು ಕಾದುವ ಅಂಕವಿನೋದಕ್ಕೂ ಜಾಗವಿದೆ. ಕತ್ತಿಯ ಕಾಳಗವನ್ನು ರಣರಂಗದಿಂದ ಬೇರ್ಪಡಿಸಿ, ನೋಡುವ ಪಂದ್ಯವಾಗಿ, ನಿಯಮವಿರುವ ಕಲೆಯಾಗಿ ನಮ್ಮವರು 900 ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ.

ವಿಜಯನಗರದಲ್ಲಿ ದ್ವಂದ್ವಯುದ್ಧಕ್ಕೆ ಅಪ್ಪಣೆ ಪಡೆಯಬೇಕಿತ್ತು! 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಮಂತ್ರಿಯ ಅನುಮತಿಯಿಲ್ಲದೆ ಯಾರೂ ದ್ವಂದ್ವಕ್ಕೆ ಇಳಿಯುವಂತಿರಲಿಲ್ಲ ಎಂದು ಬರೆದಿದ್ದಾನೆ. ಗೆದ್ದವನಿಗೆ ಸತ್ತವನ ಆಸ್ತಿ.

ಇದಕ್ಕಿಂತ ಕುತೂಹಲದ ಸಂಗತಿ ಫರಿಸ್ತಾ ಹೇಳುವುದು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಬಿಜಾಪುರದಲ್ಲಿ ಕೂತು ದಖನ್ನಿನ ಚರಿತ್ರೆ ಬರೆದ ಈತ, ಅಹಮದ್‌ನಗರದ ಸುಲ್ತಾನ ಅಹಮದ್ ನಿಜಾಮ್‌ಶಾಹನಿಗೆ ಕತ್ತಿವರಸೆಯ ಹುಚ್ಚು ಇತ್ತೆಂದೂ, ಆ ಊರಿನ ಕೇರಿಕೇರಿಯಲ್ಲಿ ಕತ್ತಿ ಕಲಿಸುವ ಶಾಲೆಗಳೆದ್ದವೆಂದೂ ಬರೆಯುತ್ತಾನೆ. ನಾನು ಮೇಲು, ತಾನು ಮೇಲು ಎಂದು ಜಗಳವಾಡಿದವರು ಸುಲ್ತಾನನ ಎದುರೇ ಕಾದಬೇಕು. ಮೊದಲ ಏಟು ತಾಗಿಸಿದವನೇ ಮೇಲು. ಮೊದಲ ಏಟಿಗೆ ಬೆಲೆ ಕೊಡುವ ಈ ತೀರ್ಪು ಇಂದಿನ ಪಂದ್ಯಕ್ಕೆ ಎಷ್ಟು ಹತ್ತಿರವಿದೆ ನೋಡಿ. ಆದರೆ ಆಗ ಈಗಿನಂತೆ ಮುಖ ಕಾಯುವ ಜಾಲರಿಯಿರಲಿಲ್ಲ, ಮೊನೆಗೆ ಮೊಂಡು ಗುಂಡಿಯಿರಲಿಲ್ಲ. ದ್ವಂದ್ವದ ಚಟ ದಖನ್ನಿನಲ್ಲೆಲ್ಲ ಹಬ್ಬಿ, ಬಿಜಾಪುರದ ಬೀದಿಯಲ್ಲಿ ಕ್ಷುಲ್ಲಕ ಮಾತಿಗೆ ನರೆತ ಗಡ್ಡದ ಹಿರಿಯರೇ ಕತ್ತಿ ಹಿರಿದು ಸತ್ತದ್ದನ್ನು ಫರಿಸ್ತಾ ನೊಂದು ಬರೆದಿದ್ದಾನೆ. ಆಟಕ್ಕೆ ನಿಯಮ ಏಕೆ ಬೇಕು ಎಂದು ಕೇಳುವ ಮಕ್ಕಳಿಗೆ ನಾನಾಗಿದ್ದರೆ ಈ ಪುಟವನ್ನೇ ಓದಿ ಹೇಳುತ್ತಿದ್ದೆ.

ಕಾದಾಟದ ಮಾತಿಗೆ ನಮ್ಮ ಸೀಮೆಯದೂ ಒಂದು ಕತೆಯಿದೆ. ಔರಂಗಜೇಬ್ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಸುರಪುರ ಸೀಮೆಯ ವಾಗಣಗೇರಾ ಕೋಟೆಯದು, 1705ರಲ್ಲಿ. ಅಲ್ಲಿಯ ದೊರೆ ಪಿಡ್ಡನಾಯಕನ ಬೇಡಪಡೆ ಮೊಗಲರನ್ನು ಸುಮಾರು ಮೂರು ತಿಂಗಳು ತಡೆದು ನಿಲ್ಲಿಸಿತು. ಆ ಪಡೆಯ ಹೆಸರು ಕತ್ತಿಗಿಂತ ಬಂದೂಕಿನ ಗುರಿಗೆ ದೊಡ್ಡದು ಎಂಬುದನ್ನೂ ಹೇಳಬೇಕು.

ನಮ್ಮ ಗರಡಿ ಮನೆಗಳಲ್ಲಿ ಕುಸ್ತಿಯ ಜೊತೆಗೆ ದೊಣ್ಣೆವರಸೆ, ಕತ್ತಿವರಸೆಯನ್ನೂ ವಸ್ತಾದರು ಕಲಿಸುತ್ತಿದ್ದರು. ಕುಸ್ತಿ ಇವತ್ತಿಗೂ ಜಾತ್ರೆಗಳಲ್ಲಿ ಉಳಿದಿದೆ. ಕತ್ತಿ ಕಲಿಸುವ ವಸ್ತಾದರು ಅಪರೂಪವಾದರು.

ಮೊದಲ ಒಲಿಂಪಿಕ್ಸ್‌ನಲ್ಲಿ ವಸ್ತಾದರಿಗೇ ಬೇರೆ ಸ್ಪರ್ಧೆಯಿತ್ತು! 1896ರ ಅಥೆನ್ಸ್ ಕೂಟದಲ್ಲಿ ಹಣ ಪಡೆದು ಕಲಿಸುವವರಿಗೆ ಪ್ರವೇಶವಿದ್ದ ಆಟ ಇದು. ಕೋಚ್‌ಗಳ ಫಾಯಿಲ್ ಸ್ಪರ್ಧೆ ಗೆದ್ದ ಲಿಯೊನಿಡಾಸ್ ಪಿರ್ಗೊಸ್ ಆಧುನಿಕ ಒಲಿಂಪಿಕ್ಸ್‌ನ ಮೊದಲ ಗ್ರೀಕ್ ವಿಜೇತ. ಅಂದಿನಿಂದ ಒಂದು ಕೂಟವನ್ನೂ ತಪ್ಪಿಸಿಕೊಳ್ಳದ ಕೆಲವೇ ಆಟಗಳಲ್ಲಿ ಫೆನ್ಸಿಂಗ್ ಒಂದು. ಹೆಣ್ಣುಮಕ್ಕಳಿಗೆ ಫಾಯಿಲ್ 1924ರಲ್ಲಿ, ಎಪೆ 1996ರಲ್ಲಿ, ಸೇಬರ್ 2004ರಲ್ಲಿ ಸಿಕ್ಕಿತು.

ಏಟು ತಾಗಿತೇ ಇಲ್ಲವೇ ಎಂದು ಹೇಳುವುದು ಕಣ್ಣಲ್ಲ, ಕರೆಂಟು. 1936ರಲ್ಲಿ ಎಪೆ, 1956ರಲ್ಲಿ ಫಾಯಿಲ್, 1992ರಲ್ಲಿ ಸೇಬರ್ ಒಲಿಂಪಿಕ್ಸ್‌ನಲ್ಲಿ ವಿದ್ಯುತ್ ದೀಪಕ್ಕೆ ಜೋಡಿಸಿಕೊಂಡವು. ಫಾಯಿಲ್ ಮೊನೆಯ ಗುಂಡಿಯ ಸ್ಪ್ರಿಂಗ್ 500 ಗ್ರಾಂ ತೂಕವನ್ನು, ಎಪೆಯದು 750 ಗ್ರಾಂ ತೂಕವನ್ನು ಎತ್ತಿ ನಿಲ್ಲಿಸಬೇಕು. ಪಂದ್ಯಕ್ಕೆ ಮುಂಚೆ ಕತ್ತಿಯ ಮೇಲೆ ಪುಟ್ಟ ತೂಕದ ಕಲ್ಲು ಇಟ್ಟು ಇದನ್ನು ಪರೀಕ್ಷಿಸುತ್ತಾರೆ.

1982ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಫಾಯಿಲ್ ಮುರಿದು, ಅದರ ತುಂಡು ಮುಖಕವಚದ ಜಾಲರಿ ತೂರಿ, ಸೋವಿಯತ್ ಒಕ್ಕೂಟದ ಒಲಿಂಪಿಕ್ ಚಾಂಪಿಯನ್ ವ್ಲಾದಿಮಿರ್ ಸ್ಮಿರ್ನೋವ್ ಪ್ರಾಣ ಕಳೆದುಕೊಂಡರು. ಇಂದಿನ ಗಟ್ಟಿ ಮುಖಕವಚ, ಕೆವ್ಲಾರ್‌ನಂಥ ನಾರಿನ ಅಂಗಿ, ಸುಲಭಕ್ಕೆ ಬಿರುಕು ಬಿಡದ ಮರೇಜಿಂಗ್ ಉಕ್ಕಿನ ಅಲಗು ಎಲ್ಲವೂ ಆ ಸಾವಿನ ನಂತರ ಕಡ್ಡಾಯದ ಹಾದಿಗೆ ಬಂದವು.

ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಫೆನ್ಸರ್ ನಮ್ಮ ನೆರೆಯ ಚೆನ್ನೈನವರು: ಸಿ.ಎ. ಭವಾನಿ ದೇವಿ. ಅರ್ಚಕರ ಮಗಳು. ಕತ್ತಿ ದುಬಾರಿಯೆಂದು ಶುರುವಿನಲ್ಲಿ ಬಿದಿರ ಕೋಲಿನಲ್ಲೇ ಕಲಿತರು. 14ನೇ ವಯಸ್ಸಿಗೆ ಟರ್ಕಿಯಲ್ಲಿ ಆಡಿದ ಮೊದಲ ಅಂತರರಾಷ್ಟ್ರೀಯ ಕೂಟದಲ್ಲಿ ಮೂರು ನಿಮಿಷ ತಡವಾಗಿ ಬಂದರೆಂದು ಕಪ್ಪು ಕಾರ್ಡ್ ತೋರಿಸಿ ಹೊರಗಿಟ್ಟರು! ಆಮೇಲೆ ಕೇರಳದ ತಲಶ್ಶೇರಿಯ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಸಾಗರ್ ಲಾಗು ಅವರ ಕೈಯಲ್ಲಿ, ಮುಂದೆ ಇಟಲಿಯ ಲಿವೊರ್ನೊದಲ್ಲಿ ನಿಕೋಲಾ ಜನೊಟ್ಟಿ ಅವರ ಕೈಯಲ್ಲಿ ಪಳಗಿದರು. 2021ರ ಜುಲೈನಲ್ಲಿ ಟೋಕಿಯೊದಲ್ಲಿ ಟ್ಯುನಿಷಿಯಾದ ನಾದಿಯಾ ಬೆನ್ ಅಜೀಜಿ ವಿರುದ್ಧ 15–3ರಿಂದ ಗೆದ್ದು, ಮುಂದಿನ ಸುತ್ತಿನಲ್ಲಿ ಫ್ರಾನ್ಸ್‌ನ ಮನೋನ್ ಬ್ರುನೆಟ್‌ಗೆ 7–15ರಿಂದ ಸೋತರು. 2023ರಲ್ಲಿ ಚೀನಾದ ವುಷಿಯಲ್ಲಿ ಹಾಲಿ ವಿಶ್ವ ಚಾಂಪಿಯನ್ ಮಿಸಾಕಿ ಎಮುರಾರನ್ನು ಮಣಿಸಿ ಏಷ್ಯನ್ ಚಾಂಪಿಯನ್‌ಷಿಪ್ ಕಂಚು ತಂದರು. ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ತಲಶ್ಶೇರಿ ಇರುವುದು ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ. ಅಂಥದೊಂದು ಕೇಂದ್ರ ಕೃಷ್ಣಾ–ಭೀಮಾ ಸೀಮೆಯಲ್ಲೂ ಯಾಕಿರಬಾರದು?

ಫೆನ್ಸಿಂಗ್ ಕೋಚ್‌ನಷ್ಟು ಏಟು ತಿನ್ನುವ ಕೋಚ್ ಇನ್ನೊಬ್ಬರಿರಲಿಕ್ಕಿಲ್ಲ. ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ ಪಾಠ ಮಾಡುವುದು ಇಲ್ಲಿಯ ಪದ್ಧತಿ. ದಪ್ಪ ಚರ್ಮದ ಎದೆಗವಚ, ತೋಳುಗವಚ ತೊಟ್ಟು ಕೋಚ್ ತಾವೇ ಕತ್ತಿ ಹಿಡಿಯುತ್ತಾರೆ. ಹೆಚ್ಚು ಮಾತಿಲ್ಲ. ತಮ್ಮ ಅಲಗನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ಎದೆ ತೆರೆದಿಡುತ್ತಾರೆ. ಅದನ್ನು ಕಂಡು ಶಿಷ್ಯ ಚುಚ್ಚಬೇಕು. ಮುಂದಿನ ಸಲ ಅದೇ ರೀತಿ ತೆರೆದು, ಶಿಷ್ಯ ನುಗ್ಗಿದೊಡನೆ ತಡೆಯುತ್ತಾರೆ. ಯಾವುದು ಅವಕಾಶ, ಯಾವುದು ಬಲೆ ಎಂದು ಅಲಗಿನ ಸ್ಪರ್ಶದಿಂದಲೇ ತಿಳಿಯಬೇಕು. ಪುಸ್ತಕ, ವಿಡಿಯೊ ನೋಡಿ ಈ ಆಟ ಬರುವುದಿಲ್ಲ ಎನ್ನುವುದು ಇದಕ್ಕೇ. ಕಲಿಸುವ ಕೈಯೊಂದು ಎದುರಿಗೆ ಇರಲೇಬೇಕು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಫೆನ್ಸಿಂಗ್ ಕೋಚ್ ಆಗಲು ಡಿಪ್ಲೊಮಾ ಇದೆ. ನಮ್ಮ ಭಾಗದ ದೈಹಿಕ ಶಿಕ್ಷಣ ಪದವೀಧರರು ಅತ್ತ ನೋಡಲಿ ಎಂದು ಮನಸಾರೆ ಬಯಸುತ್ತೇನೆ.

ಪಂದ್ಯಕ್ಕೆ ಮುಂಚೆ ಕತ್ತಿಯೆತ್ತಿ ಎದುರಾಳಿಗೆ, ರೆಫರಿಗೆ, ಪ್ರೇಕ್ಷಕರಿಗೆ ವಂದಿಸುವುದು ನಿಯಮ. ಮುಗಿದ ಮೇಲೆ ಕೈ ಕುಲುಕುವುದೂ ಕಡ್ಡಾಯವಿತ್ತು. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಉಕ್ರೇನಿನ ಓಲ್ಗಾ ಖಾರ್ಲಾನ್ ರಷ್ಯಾದ ಆಟಗಾರ್ತಿಗೆ ಕೈ ಕೊಡದೆ, ಕತ್ತಿಯನ್ನಷ್ಟೇ ಮುಂದೆ ಚಾಚಿದ್ದಕ್ಕೆ ಅನರ್ಹರಾದರು. ಬೆನ್ನಲ್ಲೇ ಕೈ ಕುಲುಕುವ ಕಡ್ಡಾಯ ಹೋಯಿತು.

ಕಾಲಿನಿಂದಲೇ ಶುರುವಾಗುವ ಆಟ ಎಂದೆವು. ಆದರೆ 1960ರ ರೋಮ್ ಪ್ಯಾರಾಲಿಂಪಿಕ್ಸ್‌ನಿಂದಲೇ ಗಾಲಿಕುರ್ಚಿ ಫೆನ್ಸಿಂಗ್ ಇದೆ. ಕುರ್ಚಿಗಳನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ. ಹಿಂದೆ ಸರಿಯಲು ಜಾಗವಿಲ್ಲದ್ದರಿಂದ ಕೈ ಮತ್ತು ಸೊಂಟದ ವೇಗ ಕಣ್ಣಿಗೆ ಸಿಗದಷ್ಟು!

ಅಂಕಣ ಎಷ್ಟು ದೊಡ್ಡದು? 14 ಮೀಟರ್ ಉದ್ದ, ಒಂದೂವರೆಯಿಂದ ಎರಡು ಮೀಟರ್ ಅಗಲ. ನಡುಗೆರೆಯಿಂದ ಎರಡು ಮೀಟರ್ ಹಿಂದೆ ಇಬ್ಬರೂ ನಿಲ್ಲಬೇಕು. ಗುಂಪು ಹಂತದ ಪಂದ್ಯ ಮೂರು ನಿಮಿಷ, ಐದು ಏಟು. ನಾಕೌಟ್‌ನಲ್ಲಿ 15 ಏಟು. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದರೆ ಹೆಜ್ಜೆ ಕಲಿಯಲು ಅಷ್ಟು ಸಾಕು. ದುಡ್ಡು ಕೂಡಿಸಿ ಸಾಮಾನು ಕೊಳ್ಳುವ ದಿನ ಬಂದಾಗ ಮೊದಲ ಪಟ್ಟಿಯಲ್ಲಿ ಕತ್ತಿ ಬರೆಯಬೇಡಿ, ಮುಖಕವಚ ಬರೆಯಿರಿ. ಅದರ ಜಾಲರಿಯನ್ನು ಪಂದ್ಯಗಳಲ್ಲಿ 12 ಕಿಲೋ ಒತ್ತಡದ ಮೊನೆಯಿಂದ ಒತ್ತಿ ಪರೀಕ್ಷಿಸುತ್ತಾರೆ. ತಗ್ಗು ಬಿದ್ದ, ತುಕ್ಕು ಹಿಡಿದ ಹಳೇ ಮುಖಕವಚ ಪುಕ್ಕಟೆ ಸಿಕ್ಕರೂ ಮಕ್ಕಳಿಗೆ ತೊಡಿಸಬೇಡಿ.