ಕಿಟಕಿಯಾಚೆ ಮೊಣಕೈ

ಸಂಜೆ ಐದೂವರೆಗೆ ಮಂಡ್ಯ ಬಸ್ ನಿಲ್ದಾಣದ ಹತ್ತಿರ ನಿಂತು ನೋಡಿ. ನಾಗಮಂಗಲದ ಕಡೆಗೆ, ಮಳವಳ್ಳಿ ಕಡೆಗೆ ಹೊರಡುವ ಒಂದೊಂದು ಬಸ್ಸಿನಲ್ಲೂ ಕಿಟಕಿಯ ಹೊರಗೆ ಮೊಣಕೈಗಳ ಸಾಲು. ಮೊನ್ನೆ ಒಂದೇ ಬಸ್ಸಿನಲ್ಲಿ ಏಳು ಎಣಿಸಿದೆ. ಎಂಟನೆಯದು ಡ್ರೈವರ್ ಸಾಹೇಬರದು! ಕೈ, ತಲೆ ಹೊರಗೆ ಹಾಕಬೇಡಿ ಎಂಬ ಬರಹ ಒಳಗೆ ಇದ್ದೇ ಇದೆ. ಅದರ ಕೆಳಗೆ ಕೂತವರ ಕೈಯೂ ಹೊರಗೇ.

ತಪ್ಪೇನು ಅಂತೀರಾ? ಸೆಕೆ, ನೂಕುನುಗ್ಗಲು, ಮೂವರ ಸೀಟಿನಲ್ಲಿ ನಾಲ್ವರು, ಕೈ ಎಲ್ಲಿಡೋದು? ಒಪ್ಪೋಣ. ಆದರೆ ಲೆಕ್ಕ ನೋಡಿ. ನಮ್ಮಲ್ಲಿ ವಾಹನ ರಸ್ತೆಯ ಎಡಕ್ಕೆ ಓಡುತ್ತೆ. ಬಲಗಡೆ ಕಿಟಕಿಗೆ ಕೂತವರ ಬಲಗೈ ಎದುರು ಬರುವ ಲಾರಿಯ ಪಕ್ಕಕ್ಕೇ ಇರುತ್ತೆ. ಬಸ್ಸು ಗಂಟೆಗೆ 50 ಕಿ.ಮೀ., ಲಾರಿಯೂ 50 ಅಂದರೆ ಆ ಮೊಣಕೈಗೆ ಬೀಳುವುದು 100ರ ವೇಗದ ಪೆಟ್ಟು. ಉಣ್ಣುವ ಕೈ, ಬರೆಯುವ ಕೈ, ತಕ್ಕಡಿ ಹಿಡಿಯುವ ಕೈ ಅದೇ. ಎಡಗಡೆಯವರು ನಗಬೇಡಿ. ನಿಮ್ಮ ಪಾಲಿಗೆ ಲೈಟ್ ಕಂಬ ಇದೆ, ರಸ್ತೆ ಬದಿಗೆ ನಿಲ್ಲಿಸಿದ ಕಬ್ಬಿನ ಗಾಡಿ ಇದೆ.

ಈ ಪೆಟ್ಟಿಗೆ ಮೂಳೆ ಡಾಕ್ಟರುಗಳಲ್ಲಿ ಒಂದು ಹೆಸರೇ ಉಂಟು, ಸೈಡ್‌ಸ್ವೈಪ್. ಪಕ್ಕದಿಂದ ಸವರಿಕೊಂಡು ಹೋಗೋದು. ಸವರಿಕೊಂಡು ಅಂದ ಮಾತ್ರಕ್ಕೆ ಹಗುರವಾಗಿ ತಿಳಿಯಬೇಡಿ. ಮೊಣಕೈ ಮೂರು ಮೂಳೆ ಕೂಡುವ ಜಾಗ. ತೋಳಿನದು ಒಂದು, ಮುಂಗೈಯವು ಎರಡು. ಹಿಂದುಗಡೆ ಚರ್ಮದ ಕೆಳಗೇ ಒಂದು ನರ ಹಾಯುತ್ತೆ. ಬಾಗಿಲಿಗೆ ಮೊಣಕೈ ತಗುಲಿದರೆ ಕಿರುಬೆರಳಿನ ತನಕ ಕರೆಂಟ್ ಹೊಡೆದಂತಾಗುತ್ತಲ್ಲ, ಅದೇ ನರ. ಮುಂದುಗಡೆ ರಕ್ತನಾಳ. ಸೈಡ್‌ಸ್ವೈಪ್‌ನಲ್ಲಿ ಮೂಳೆ ಚೂರುಚೂರು, ಗಾಯದೊಳಗೆ ಗಾಜು, ಮಣ್ಣು. ಕೆಲವರ ಕೈ ತುಂಡಾಗಿಯೇ ಹೋಗುತ್ತೆ. ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರೂ ಎಷ್ಟೋ ಜನರಿಗೆ ಕೈ ಪೂರ್ತಿ ಮಡಚಲು ಬರೋದಿಲ್ಲ. ತುತ್ತು ಬಾಯಿಗೆ ಎಟುಕದು.

ಇಷ್ಟು ರಸ್ತೆಯ ಪಾಲು. ಉಳಿದ ಹಾನಿ ಮಾಡುವವರು ನಾವೇ.

ಪೆಟ್ಟಾದ ಕೂಡಲೇ ಪಕ್ಕದವರು ಟವೆಲ್ ತೆಗೆದು ತೋಳಿಗೆ ಹಗ್ಗದ ಹಾಗೆ ಬಿಗೀತಾರೆ. ರಕ್ತ ನಿಲ್ಲಲಿ ಎಂಬ ಒಳ್ಳೆ ಮನಸ್ಸು. ಆದರೆ ಗಾಯದ ಮೇಲೇ ಶುದ್ಧ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿ ಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತೆ. ತೋಳು ಬಿಗಿಯೋದು ಒತ್ತಿದರೂ ನಿಲ್ಲದೆ ರಕ್ತ ಚಿಮ್ಮುವಾಗ ಮಾತ್ರ. ಬಿಗಿದರೆ ಎಷ್ಟು ಹೊತ್ತಿಗೆ ಬಿಗಿದಿರಿ ಎಂದು ಬರೆದಿಟ್ಟು ಡಾಕ್ಟರಿಗೆ ಹೇಳಬೇಕು. ರಕ್ತ ಹರಿಯದೆ ಮಾಂಸಖಂಡ ತಾಳುವುದು ಹೆಚ್ಚೆಂದರೆ ಆರು ಗಂಟೆ.

ಬಿಗಿ ಕಟ್ಟಿನ ರುಚಿ ನಾನೇ ಕಂಡಿದ್ದೇನೆ. ಏಳನೇ ವಯಸ್ಸಿನಲ್ಲಿ ಹುಣಸೆ ಮರದಿಂದ ಬಿದ್ದು ಎಡ ಮೊಣಕೈ ಮುರಿದಿತ್ತು. ನಾಟಿ ಕಟ್ಟು ಹಾಕುವವರ ಹತ್ತಿರ ಕರೆದುಕೊಂಡು ಹೋದರು. ಸೊಪ್ಪು, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಅದರ ಮೇಲೆ ಬಿಗಿಯಾಗಿ ಬಟ್ಟೆ. ಎಂಟು ದಿನ ಬಿಚ್ಚಕೂಡದು ಎಂದು ಅಪ್ಪಣೆ. ರಾತ್ರಿಯಾಗುವಷ್ಟರಲ್ಲಿ ಬೆರಳು ನೀಲಿ, ಮುಟ್ಟಿದರೆ ತಣ್ಣಗೆ. ಬೆರಳನ್ನು ಯಾರಾದರೂ ನೆಟ್ಟಗೆ ಮಾಡಲು ಬಂದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಅಪ್ಪ ಬೇಡ ಬೇಡ ಅನ್ನುತ್ತಿದ್ದರೂ ಅವ್ವ ಮಧ್ಯರಾತ್ರಿ ಎದ್ದು ಬ್ಲೇಡಿನಲ್ಲಿ ಕಟ್ಟು ಕೊಯ್ದೇಬಿಟ್ಟಳು. ಮೊಣಕೈ ಇವತ್ತಿಗೂ ಸ್ವಲ್ಪ ಸೊಟ್ಟ. ಆದರೆ ಬೆರಳು ಐದೂ ಆಡುತ್ತವೆ. ಪಕ್ಕದ ಬೀದಿಯ ಜೊತೆಗಾರನೊಬ್ಬನಿಗೂ ಅದೇ ವರ್ಷ ಅದೇ ಪೆಟ್ಟು, ಅದೇ ಕಟ್ಟು. ಅವನದನ್ನು ಯಾರೂ ಬಿಚ್ಚಲಿಲ್ಲ. ಮೂಳೆ ಕೂಡಿತು. ಬೆರಳುಗಳು ಹದ್ದಿನ ಉಗುರಿನ ಹಾಗೆ ಮಡಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ.

ನಾಟಿಯವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಬಿಗಿ ಕಟ್ಟಿನಿಂದ ಕೈ ಹೀಗಾಗುತ್ತೆ ಎಂದು ಜರ್ಮನಿಯ ಸರ್ಜನ್ ಫೋಲ್ಕ್‌ಮನ್ 1881ರಲ್ಲೇ ಬರೆದಿಟ್ಟ. ಈ ಸೊಟ್ಟ ಕೈಗೆ ಇವತ್ತಿಗೂ ಅವನದೇ ಹೆಸರು. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರೂ ಊತ ಏರಿದರೆ ಹೀಗೇ ಬಿಗಿಯುತ್ತೆ. ಮಾತ್ರೆಗೂ ಬಗ್ಗದ ನೋವು, ಬೆರಳು ಚಾಚಿಸಿದರೆ ಜಾಸ್ತಿಯಾಗುವ ನೋವು, ಜೋಮು, ಬಿಳಿಚಿಕೊಂಡ ಬೆರಳು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಅದೇ ರಾತ್ರಿ ಆಸ್ಪತ್ರೆಗೆ ಓಡಿ, ಕಟ್ಟು ಬಿಚ್ಚಿಸಿ. ಮೂಳೆಯನ್ನು ಆಮೇಲೂ ಕೂಡಿಸಬಹುದು.

ಇನ್ನು ಅಂಗಡಿಯವರ ಕೈ. ನಮ್ಮದು ಕಬ್ಬಿನ ಸೀಮೆ. ಆಲೆಮನೆ ಗಾಣಕ್ಕೆ, ಬೀದಿಯ ಕಬ್ಬಿನ ಹಾಲಿನ ಮೆಷಿನ್ನಿಗೆ ಬೆರಳು ಸಿಕ್ಕಿದರೆ ಎಳೆಯಬಾರದು. ಮೊದಲು ಕರೆಂಟ್ ತೆಗೆಯಿರಿ, ಆಮೇಲೆ ಬೋಲ್ಟ್ ಸಡಿಲಿಸಿ ರೋಲರ್ ಬಿಡಿಸಿ. ಹೊರಗೆ ಚರ್ಮ ನೆಟ್ಟಗಿದ್ದರೂ ನಂಬಬೇಡಿ, ಒಳಗೆ ಜಜ್ಜಿ ಊತ ಏರುತ್ತಿರುತ್ತೆ. ಉಂಗುರ, ಬಳೆ ಇದ್ದರೆ ತಕ್ಷಣ ತೆಗೆಸಿ. ಅರ್ಧ ಗಂಟೆ ಬಿಟ್ಟರೆ ಅವು ಬರೋದಿಲ್ಲ, ಆಮೇಲೆ ಕತ್ತರಿಸಬೇಕಾದೀತು. ಷಟರ್ ಎಳೆಯುವಾಗ ಬೆರಳು ಸಿಕ್ಕವರಿಗೂ ಇದೇ ಮಾತು.

ಬೆರಳು ತುಂಡಾಗಿ ಬಿದ್ದರೆ? ಬಿಸಾಡಬೇಡಿ. 1962ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರೈಲಿಗೆ ಸಿಕ್ಕಿ ತುಂಡಾದ 12 ವರ್ಷದ ಹುಡುಗನ ತೋಳನ್ನೇ ಕೂಡಿಸಿದರು. 1965ರಲ್ಲಿ ಜಪಾನಿನ ಡಾಕ್ಟರುಗಳು ಹೆಬ್ಬೆರಳು ಕೂಡಿಸಿದರು. ನೀಟಾಗಿ ಕತ್ತರಿಸಿದ್ದು ಕೂಡೀತು, ಜಜ್ಜಿದ್ದು ಕಷ್ಟ. ಅದನ್ನು ಹೇಳಬೇಕಾದವರು ಡಾಕ್ಟರು. ತುಂಡನ್ನು ಶುದ್ಧ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಹಾಕಿ. ಆ ಕವರನ್ನು ಐಸ್ ಮತ್ತು ನೀರು ತುಂಬಿದ ಇನ್ನೊಂದು ಕವರಿನಲ್ಲಿಡಿ. ಐಸಿನ ಮೇಲೆ ನೇರವಾಗಿ ಇಟ್ಟರೆ ಮಾಂಸ ಹೆಪ್ಪುಗಟ್ಟಿ ಕೆಡುತ್ತೆ. ಹೀಗೆ ತಣ್ಣಗಿಟ್ಟರೆ ಬೆರಳಿಗೆ ಅರ್ಧ ದಿನಕ್ಕೂ ಮೇಲೆ ಸಮಯ ಸಿಗುತ್ತೆ. ತೋಳಿಗೆ ಅಷ್ಟಿಲ್ಲ, ಅದರಲ್ಲಿ ಮಾಂಸಖಂಡ ಜಾಸ್ತಿ.

ಗಾಯಾಳುವನ್ನು ಮುಟ್ಟಿದರೆ ಸ್ಟೇಷನ್ನಿಗೆ ಅಲೆಯಬೇಕು ಎಂಬ ಹೆದರಿಕೆ ನಮ್ಮ ಜನಕ್ಕೆ ಇನ್ನೂ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಅಪಘಾತಕ್ಕೆ ಸಿಕ್ಕವರನ್ನು ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸಿಲ್ಲ, ಹೆಸರು ಹೇಳಲೇಬೇಕು ಎಂಬ ಬಲವಂತವೂ ಇಲ್ಲ. 108ಕ್ಕೆ ಫೋನ್ ಮಾಡಿ, ಗಾಡಿ ಬರೋತನಕ ಆ ಬಟ್ಟೆಯನ್ನು ಒತ್ತಿ ಹಿಡಿದಿರಿ.