ಹಳೆಯ ಮನೆಯ ಮರದ ನೆಲ: ಉಜ್ಜುವ ಮುನ್ನ ತಿಳಿಯಬೇಕಾದ ಸಂಗತಿಗಳು

ಅಮೆರಿಕದ ಹಳೆಯ ಮನೆಗಳಲ್ಲಿನ ಓಕ್ ಮರದ ನೆಲ ಸವೆದು ಕಳೆಗುಂದಿದಾಗ, ಒಳಗಿನ ಹೊಸ ಮರ ಕಾಣುವವರೆಗೆ ಯಂತ್ರದಿಂದ ಉಜ್ಜಿಸುವುದೊಂದೇ ಉಪಾಯವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಅನೇಕ ವೇಳೆ ಸವೆದಿರುವುದು ಮರವಲ್ಲ, ಅದರ ಮೇಲಿನ ವಾರ್ನಿಷ್ ಮಾತ್ರ. ಕೆಲವು ಹನಿ ನೀರು ಹಾಕಿದಾಗ ಅವು ಇಂಗದೆ ಗುಂಡಾಗಿ ನಿಂತರೆ ಲೇಪ ಉಳಿದಿದೆಯೆಂದೂ, ಇಂಗಿ ಮರದ ಬಣ್ಣ ಗಾಢವಾದರೆ ಲೇಪ ಅಳಿದಿದೆಯೆಂದೂ ತಿಳಿಯಬಹುದು. ಮೊದಲ ಸ್ಥಿತಿಯಲ್ಲಿ ಹಳೆಯ ಲೇಪವನ್ನು ಹಗುರವಾಗಿ ಉಜ್ಜಿ, ಧೂಳು ತೆಗೆದು, ಹೊಸದೊಂದು ಲೇಪ ಬಳಿದರೆ ಸಾಮಾನ್ಯವಾಗಿ ಸಾಕು. ಮೇಣ ಹಚ್ಚಿದ ನೆಲದ ಮೇಲೆ ಮಾತ್ರ ಅದು ಅಂಟದು.

ಮುಕ್ಕಾಲು ಇಂಚು, ಅಂದರೆ ಸುಮಾರು 19 ಮಿ.ಮೀ. ದಪ್ಪದ ಹಲಗೆಯನ್ನು ಎಷ್ಟು ಸಲವಾದರೂ ಉಜ್ಜಬಹುದೆಂಬ ಎಣಿಕೆಯೂ ಸರಿಯಲ್ಲ. ಒಂದು ಹಲಗೆಯ ಅಂಚಿನಿಂದ ಚಾಚಿದ ಭಾಗ ಪಕ್ಕದ ಹಲಗೆಯಲ್ಲಿ ಕೊರೆದ ಸಂದಿನೊಳಗೆ ಕೂರುವುದರಿಂದ, ಆ ಜೋಡಣೆಯ ಮೇಲಿರುವ ಸುಮಾರು 6 ಮಿ.ಮೀ. ಮರವಷ್ಟೇ ಉಜ್ಜಲು ಸಿಗುತ್ತದೆ; ಅದು ಮುಗಿದರೆ ಸಂದಿನ ಅಂಚು ಸಿಬಿರೊಡೆದು, ಒಳಗೆ ಅಡಗಿಸಿದ ಮೊಳೆಗಳು ಹೊರಬರುತ್ತವೆ. ಮತ್ತೆ ಪಡೆಯಲಾಗದ ಹಳೆಯ ಮರವನ್ನು ಅವಸರದಲ್ಲಿ ಧೂಳಾಗಿಸುವುದು ನಿಜಕ್ಕೂ ವಿಷಾದಕರ.

ಹಲಗೆಗಳ ಅಂಚು ಮೇಲೆದ್ದು ನಡು ತಗ್ಗಾದಾಗ ಕೂಡಲೇ ಉಜ್ಜಿ ಸಮತಟ್ಟು ಮಾಡುವುದು ಇನ್ನೂ ದೊಡ್ಡ ತಪ್ಪು. ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ತೇವ ಹೀರಿ ಹಿಗ್ಗಿರುವುದೇ ಈ ಬಾಗುವಿಕೆಗೆ ಸಾಮಾನ್ಯ ಕಾರಣವಾದ್ದರಿಂದ, ಆಗಲೇ ಅಂಚುಗಳನ್ನು ಸವೆಸಿಬಿಟ್ಟರೆ, ಮುಂದೆ ತೇವ ಆರಿದಾಗ ಹಲಗೆ ತನ್ನ ಮೊದಲ ಆಕಾರಕ್ಕೆ ಮರಳಿ, ಸವೆದ ಅಂಚು ತಗ್ಗಾಗಿ ನಡು ಉಬ್ಬಿ ನಿಲ್ಲುತ್ತದೆ. ಮೊದಲು ತೇವದ ಮೂಲವನ್ನು ಹುಡುಕಿ ಮುಚ್ಚಬೇಕು, ನೆಲ ಪೂರ್ತಿ ಆರುವವರೆಗೆ ಕಾಯಬೇಕು. ಎಷ್ಟೋ ವೇಳೆ ಹಲಗೆಗಳು ತಾವಾಗಿಯೇ ಬಹುಮಟ್ಟಿಗೆ ನೇರವಾಗುತ್ತವೆ. ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಒಣಗಿ ಹಲಗೆಗಳ ನಡುವೆ ಮೂಡುವ ಬಿರುಕುಗಳನ್ನು ಗಟ್ಟಿಯಾದ ಪುಟ್ಟಿಯಿಂದ ತುಂಬುವುದೂ ವ್ಯರ್ಥ, ಏಕೆಂದರೆ ಬೇಸಿಗೆಯ ತೇವಕ್ಕೆ ಮರ ಹಿಗ್ಗಿ ಅದನ್ನು ಹೊರದೂಡುತ್ತದೆ. ಯಾವ ವಾರ್ನಿಷ್ಷೂ ಈ ಚಲನೆಯನ್ನು ತಡೆಯದು, ನಿಧಾನಗೊಳಿಸುತ್ತದೆ ಅಷ್ಟೆ.

ಎಣ್ಣೆ ಮರಕ್ಕೆ ಆಹಾರವೆಂಬುದು ಮತ್ತೊಂದು ನಂಬಿಕೆ. ಹಲಗೆಯಲ್ಲಿರುವುದು ನಿರ್ಜೀವ ಕೋಶಗಳಾದ್ದರಿಂದ ಅದಕ್ಕೆ ಪೋಷಣೆಯ ಮಾತೇ ಇಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗಿ ಮರವನ್ನು ರಕ್ಷಿಸುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಯಾಗಿ ಬಿಟ್ಟರೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಅವನ್ನು ಬಯಲಿನಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಬೇಕು.